ರೋಗಲಕ್ಷಣ ಮತ್ತು ರಕ್ತಪರೀಕ್ಷೆಗೆ ಅಂಕ ಲೆಕ್ಕ ಹಾಕಿ ಅಪೆಂಡಿಸೈಟಿಸ್ (ಕರುಳಿಗೆ ಅಂಟಿದ ಸಣ್ಣ ಚೀಲವಾದ ಅಪೆಂಡಿಕ್ಸ್‌ನ ಉರಿಯೂತ) ಇದೆ ಎಂದು ಹೇಳಬಹುದೇ?

ಅಂಕವೊಂದನ್ನೇ ನೋಡಿ ‘ಇದೆ’ ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ. ಆದರೆ ಅಂಕ ತುಂಬಾ ಕಡಿಮೆ ಬಂದರೆ, ಇರುವ ಸಾಧ್ಯತೆ ಕಡಿಮೆ ಎಂದು ಸಾಕಷ್ಟು ಧೈರ್ಯವಾಗಿ ಹೇಳಬಹುದು. ಇದರ ನಿಜವಾದ ಉಪಯೋಗ ಅಲ್ಲೇ ಇದೆ.

ಹೆಚ್ಚು ಬಳಕೆಯಲ್ಲಿರುವುದು 1986ರಲ್ಲಿ ಬಂದ ಅಲ್ವರಾಡೊ ಸ್ಕೋರ್. ಒಟ್ಟು 10 ಅಂಕ. ಹೊಟ್ಟೆಯ ಬಲಗಡೆ ಕೆಳಭಾಗ ಒತ್ತಿದರೆ ನೋವಾಗುವುದಕ್ಕೆ 2, ರಕ್ತದಲ್ಲಿ ಬಿಳಿ ಕಣ ಜಾಸ್ತಿ ಇರುವುದಕ್ಕೆ 2. ಜ್ವರ, ಹಸಿವಾಗದಿರುವುದು, ವಾಕರಿಕೆ ಅಥವಾ ವಾಂತಿ, ಒತ್ತಿದ ಕೈಯನ್ನು ತಟ್ಟನೆ ತೆಗೆದಾಗ ನೋವು, ನೋವು ಜಾಗ ಬದಲಿಸುವುದು, ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯ ಪಾಲು ಹೆಚ್ಚಿರುವುದು, ಇವಕ್ಕೆ ತಲಾ 1.

ವಾಂತಿ, ಜ್ವರ ಎಷ್ಟೋ ಕಾಯಿಲೆಗಳಲ್ಲಿ ಬರುತ್ತವೆ ಅಲ್ವಾ? ಬಿಡಿಯಾಗಿ ಅವು ದುರ್ಬಲ ಸುಳಿವುಗಳು. ಒಟ್ಟಿಗೆ ಬಂದಾಗ ಅನುಮಾನ ಗಟ್ಟಿಯಾಗುತ್ತದೆ. ಅದರಲ್ಲೂ ನೋವು ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಗೆ ಇಳಿಯುವುದು ಬಹಳ ಅರ್ಥಪೂರ್ಣ. ಅಪೆಂಡಿಕ್ಸ್ ಊದಿಕೊಂಡಾಗ ಅದರ ನರಗಳು ಮೊದಲು ನೋವನ್ನು ಹೊಟ್ಟೆಯ ನಡುವೆ ತೋರಿಸುತ್ತವೆ. ಉರಿಯೂತ ಹೊಟ್ಟೆಯ ಒಳಪದರಕ್ಕೆ ತಾಗಿದ ಮೇಲೆ ನೋವು ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ.

ಸಾಮಾನ್ಯವಾಗಿ 4 ಅಥವಾ ಕಡಿಮೆ ಬಂದರೆ ಬೇರೆ ಕಾರಣ ಹುಡುಕುತ್ತಾರೆ. 5–6 ಬಂದರೆ ಸ್ಕ್ಯಾನ್ ಅಥವಾ ನಿಗಾ. 7 ಅಥವಾ ಹೆಚ್ಚು ಬಂದರೆ ಅನುಮಾನ ಬಲವಾಗಿರುತ್ತದೆ, ಸರ್ಜನ್ ನೋಡಲೇಬೇಕು. ಹೆಂಗಸರಲ್ಲಿ ಅಂಡಾಶಯದ ತೊಂದರೆಗಳೂ ಅಂಕ ಏರಿಸುವುದರಿಂದ ಅವರಿಗೆ ಸ್ಕ್ಯಾನ್ ಇನ್ನೂ ಮುಖ್ಯ.

ಮನೆಯಲ್ಲೇ ಅಂಕ ಹಾಕಿಕೊಂಡು ಸುಮ್ನೆ ಕೂರಬೇಡಿ. ಶುರುವಿನಲ್ಲಿ 3 ಇದ್ದದ್ದು ಕೆಲವು ಗಂಟೆಗಳಲ್ಲಿ 7 ಆಗಬಹುದು. ವೈದ್ಯರು ಮತ್ತೆ ಮತ್ತೆ ಹೊಟ್ಟೆ ಮುಟ್ಟಿ ನೋಡುವುದು ಅದಕ್ಕೇ.