ಪ್ರತಿಕ್ರಿಯೆ: ಅಲಬಾಮಾ ಪ್ರವಾಸದ ಅನಿಸಿಕೆ ಬರಹ ವರದಿಯಂತಾಗಿದ್ದರೆ

ಬರ್ಮಿಂಗ್‌ಹ್ಯಾಮ್, ಸೆಲ್ಮಾ, ಮಾಂಟ್‌ಗೊಮರಿ, ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ನಡೆದ ಈ ಮೂರೂ ಊರುಗಳನ್ನು ನೋಡಿದ ಕ್ರಮದಲ್ಲೇ, ಸಮಪಾಲಿನಲ್ಲಿ ಬರೆದಿದ್ದೀರಿ. ಪ್ರೊಫೆಸರ್ "ಇದು ವರದಿ, ಅನಿಸಿಕೆಯಲ್ಲ" ಅಂದದ್ದಕ್ಕೆ ಬಹುಶಃ ಅದೇ ಕಾರಣ.

ಮೊದಲು ಒಂದೇ ಜಾಗ ಆರಿಸಿಕೊಳ್ಳಿ. ಸೆಲ್ಮಾದ ಸೇತುವೆ ಹತ್ತುವಾಗ ಆಚೆ ದಡ ಕಾಣಲಿಲ್ಲ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಲ್ಲ, ಬರಹದ ಜೀವ ಅಲ್ಲಿದೆ. ಎಡ್ಮಂಡ್ ಪೆಟಸ್ ಅನ್ನುವ ಆ ಸೇತುವೆ ನಡುವೆ ಉಬ್ಬಿದೆ. 1965ರ ಮಾರ್ಚ್ 7ರಂದು ಕಪ್ಪು ಜನರ ಮತದಾನದ ಹಕ್ಕಿಗಾಗಿ ಹೊರಟ ಸುಮಾರು 600 ಮಂದಿಗೆ ನೆತ್ತಿ ತಲುಪಿದ ಮೇಲಷ್ಟೇ ಎದುರು ನಿಂತ ಪೊಲೀಸರು ಕಂಡರು. ಕಂಡ ಮೇಲೂ ಅವರು ನಡೆದರು. ಲಾಠಿ, ಅಶ್ರುವಾಯು ಆಮೇಲಿನದು. ಆ ಇಳಿಜಾರಿನ ಹೆಜ್ಜೆಗಳನ್ನು ನೀವೂ ಇಟ್ಟಾಗ ಏನನಿಸಿತು? ಅದನ್ನು ಬರೆಯಿರಿ.

ನಂತರ ಅದಕ್ಕೆ ಬೇಕಾದಷ್ಟೇ ಇತಿಹಾಸ ಸೇರಿಸಿ. ಅದೇ ವರ್ಷ ಫೆಬ್ರವರಿಯಲ್ಲಿ ಪೊಲೀಸ್ ಗುಂಡಿಗೆ ಬಲಿಯಾಗಿ ಈ ನಡಿಗೆಗೆ ಕಾರಣನಾದ ಜಿಮ್ಮಿ ಲೀ ಜಾಕ್ಸನ್, ಆಗಸ್ಟ್ 6ರಂದು ಸಹಿಯಾದ ಮತದಾನ ಹಕ್ಕು ಕಾಯ್ದೆ, ಇಷ್ಟು ಸಾಕು. ಸೇತುವೆಗೆ, ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಬಿಳಿಯರ ಗುಪ್ತ ಸಂಘ ಕು ಕ್ಲಕ್ಸ್ ಕ್ಲಾನ್‌ನ ಮುಖಂಡನ ಹೆಸರಿರುವುದನ್ನು ಮಾತ್ರ ಬಿಡಬೇಡಿ.

ಬರ್ಮಿಂಗ್‌ಹ್ಯಾಮ್ ಚರ್ಚಿನ ಭಾಗದಲ್ಲಿ "ಹೃದಯ ಭಾರವಾಯಿತು" ಅಳಿಸಿ. 1963ರಲ್ಲಿ ಆ ಚರ್ಚಿನಲ್ಲಿ ಸಿಡಿದ ಬಾಂಬಿಗೆ ಸತ್ತ ನಾಲ್ವರು ಹುಡುಗಿಯರಲ್ಲಿ ಮೂವರಿಗೆ 14, ಡೆನಿಸ್ ಮೆಕ್‌ನೇರ್‌ಗೆ 11 ವರ್ಷ. ವಯಸ್ಸು ಬರೆದರೆ ಓದುವವರಿಗೆ ತಾನೇ ತಟ್ಟುತ್ತದೆ.

ಮಾಂಟ್‌ಗೊಮರಿಯನ್ನು ಪೂರ್ತಿ ಕೈಬಿಡಬಹುದೇ ಅನ್ನುವುದನ್ನು ಪ್ರೊಫೆಸರ್ ಅವರನ್ನೇ ಕೇಳಿ. ಮೂರೂ ಊರು ಕಡ್ಡಾಯವಾದರೆ ಅದಕ್ಕೊಂದು ಪ್ಯಾರಾ ಸಾಕು.