ನೊರೆ ನೋಡಿ ಮೋಸ ಹೋಗಬೇಡಿ: ಮನೆಯ ಬೂಷ್ಟಿಗೆ ಏನು ಮಾಡಬೇಕು?

ಪ್ರಶ್ನೆ: ಮೇಡಂ, ತುಮಕೂರಿನಲ್ಲಿ ನಮ್ಮದು ಬಾಡಿಗೆ ಮನೆ. ರೂಮಿನಲ್ಲಿ ಬೀರುವಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಬಂದಿದೆ. ಬ್ಲೀಚಿಂಗ್ ಪೌಡರ್ ವಾಸನೆಗೆ ಮಗು ಕೆಮ್ಮುತ್ತದೆ. ವಿನೆಗರ್‌ಗೆ ಅಡುಗೆ ಸೋಡಾ ಕಲಸಿ ಹಚ್ಚಿದರೆ ಹೋಗುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ನಿಜವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಎರಡೂ ಕೆಲಸಕ್ಕೆ ಬರುತ್ತವೆ, ಆದರೆ ಕಲಸಬೇಡಿ. ವಿನೆಗರ್ ಆಮ್ಲ, ಸೋಡಾ ಕ್ಷಾರ. ಸೇರಿದ ತಕ್ಷಣ ಬುಸ್ ಅಂತ ನೊರೆ ಬರುತ್ತದಲ್ಲ, ಅದನ್ನು ನೋಡಿ ಭಾರೀ ಪವರ್ ಇದೆ ಅಂದುಕೊಳ್ಳುತ್ತೇವೆ, ಆದರೆ ಆ ನೊರೆಯಲ್ಲೇ ಒಂದರ ಗುಣವನ್ನು ಇನ್ನೊಂದು ಕಳೆದು ಕೊನೆಗೆ ಉಳಿಯುವುದು ಒಂದು ಥರದ ಉಪ್ಪುನೀರು ಅಷ್ಟೇ. ವಿಡಿಯೋ ಮಾಡುವವರಿಗೆ ನೊರೆ ಬೇಕು. ನಿಮಗೆ ಬೂಷ್ಟು ಹೋಗಬೇಕು ಅಲ್ವಾ?

ಹೀಗೆ ಮಾಡಿ. ಮಗುವನ್ನು ಆ ಹೊತ್ತು ಬೇರೆ ಕಡೆ ಬಿಡಿ. ಕಿಟಕಿ ತೆಗೆದು, ಬೀರು ಎಳೆದು, ಮಾಸ್ಕ್ ಮತ್ತು ಗ್ಲೌಸ್ ಹಾಕಿಕೊಳ್ಳಿ. ಒಣ ಬ್ರಷ್ ಹಾಕಿ ಉಜ್ಜಲೇಬೇಡಿ, ಬೂಷ್ಟಿನ ಪುಡಿ ಮನೆಯೆಲ್ಲ ಹಾರುತ್ತದೆ. ದಿನಸಿ ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್‌ನಲ್ಲಿ 4–5% ಅಸಿಟಿಕ್ ಆಮ್ಲ ಇರುತ್ತದೆ, ಅದಕ್ಕೆ ನೀರು ಬೆರೆಸದೆ ಸ್ಪ್ರೇ ಮಾಡಿ ಒಂದು ಗಂಟೆ ಬಿಡಿ. ಬಣ್ಣ ಕೀಳಬಹುದು, ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ. ಆಮೇಲೆ ಬಟ್ಟೆಯಿಂದ ಒರೆಸಿ, ಬರೀ ನೀರಲ್ಲಿ ಇನ್ನೊಮ್ಮೆ ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಆಮೇಲೂ ಕಲೆ ಇದ್ದರೆ ಆಗ ಸೋಡಾ ಪೇಸ್ಟ್ ಹಾಕಿ ಮೆಲ್ಲಗೆ ಉಜ್ಜಿ. ಒರೆಸಿದ ಬಟ್ಟೆಯನ್ನು ಎಸೆದುಬಿಡಿ. ಇನ್ನೊಂದು ಮಾತು, ಬ್ಲೀಚ್ ಹಾಕಿದ ಜಾಗಕ್ಕೆ ವಿನೆಗರ್ ಹಾಕಲೇಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಅದು ಉಸಿರಿಗೆ ವಿಷ.

ಇಷ್ಟಾದರೂ ಕೆಲಸ ಅರ್ಧ ಮಾತ್ರ ಮುಗಿದಿದೆ. ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದಿದ್ದರೆ ಮುಂದಿನ ಮಳೆಗೆ ಬೂಷ್ಟು ಮತ್ತೆ ಹಾಜರ್. ಒಂದು ಚೂರು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈ ಒದ್ದೆಯಾದರೆ ನೀರು ಗೋಡೆಯಿಂದಲೇ ಬರುತ್ತಿದೆ: ಆ ಕಡೆ ಬಾತ್‌ರೂಮ್ ಇರಬಹುದು, ಪೈಪ್ ಜಿನುಗುತ್ತಿರಬಹುದು, ಸಜ್ಜೆ ಬಿರುಕು ಬಿಟ್ಟಿರಬಹುದು. ಅದನ್ನು ಓನರ್ ಸರಿಮಾಡಿಸಬೇಕು. ಅವರು "ಪೇಂಟ್ ಹೊಡೆಸಿಕೊಡ್ತೀನಿ" ಅಂದರೆ ಒಪ್ಪಬೇಡಿ, ಒದ್ದೆ ಗೋಡೆ ಮೇಲೆ ಹೊಡೆದ ಪೇಂಟ್ ಗುಳ್ಳೆ ಎದ್ದು ಉದುರುತ್ತದೆ. ಹೊರಮೈ ಒದ್ದೆಯಾದರೆ ರೂಮಿನ ಗಾಳಿಯಲ್ಲೇ ತೇವ ಜಾಸ್ತಿ. ರೂಮಲ್ಲಿ ಬಟ್ಟೆ ಒಣಗಿಸುವುದು ನಿಲ್ಲಿಸಿ, ಸ್ನಾನ ಆದಮೇಲೆ ಬಾತ್‌ರೂಮ್ ಬಾಗಿಲು ಹಾಕಿ ಅದರ ಕಿಟಕಿ ತೆಗೆದಿಡಿ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಬೂಷ್ಟು ಹತ್ತು ಚದರ ಅಡಿಗಿಂತ ಜಾಸ್ತಿ ಹರಡಿದ್ದರೆ ಮನೆಮದ್ದು ಬೇಡ, ಕೆಲಸ ಗೊತ್ತಿರುವವರನ್ನೇ ಕರೆಸಿ.

ಪ್ರಶ್ನೆ: ಅಡುಗೆಮನೆಯ ಕಡಪ ಕಲ್ಲಿನ ಶೆಲ್ಫ್ ಹಿಂದೆ ಬಿಳಿ ಪುಡಿ ಥರ ಬರುತ್ತದೆ. ವಿನೆಗರ್ ಹಾಕಬಹುದಾ?
– ಓದುಗರು, ಚಿಂತಾಮಣಿ

ಉತ್ತರ: ಹಾಕಬೇಡಿ. ಕಡಪ ಸುಣ್ಣದ ಕಲ್ಲು, ವಿನೆಗರ್ ಅದನ್ನು ತಿಂದು ಮಂಕು ಮಾಡುತ್ತದೆ. ಮಾರ್ಬಲ್, ಮೊಸಾಯಿಕ್ ನೆಲಕ್ಕೂ ಅದೇ ಗತಿ. ಮೊದಲು ಆ ಬಿಳಿ ಪುಡಿ ಮೇಲೆ ಒಂದು ಹನಿ ನೀರು ಬಿಡಿ. ಕರಗಿದರೆ ಅದು ಬೂಷ್ಟೇ ಅಲ್ಲ, ಗೋಡೆಯಿಂದ ನೀರಿನ ಜೊತೆ ಹೊರಬಂದ ಉಪ್ಪು. ಒಣ ಬ್ರಷ್‌ನಿಂದ ಉದುರಿಸಿದರೆ ಸಾಕು. ಕರಗದಿದ್ದರೆ ಸೋಪಿನ ನೀರಲ್ಲಿ ಒರೆಸಿ ಒಣಗಿಸಿ. ಎರಡರಲ್ಲಿ ಯಾವುದಾದರೂ ಸರಿ, ಗೋಡೆ ಒದ್ದೆ ಇದೆ ಅನ್ನುವುದು ಗ್ಯಾರಂಟಿ.

ಪ್ರಶ್ನೆ: ನುಸಿಗುಳಿಗೆ ಹಾಕಿಟ್ಟರೂ ಮದುವೆಯ ರೇಷ್ಮೆ ಸೀರೆಗೆ ಬೂಷ್ಟು ಬಂದಿದೆಯಲ್ಲ ಅಕ್ಕಾ, ಯಾಕೆ? ಉಪ್ಪು ಇಟ್ಟರೆ ತೇವ ಹೀರುತ್ತದಾ?
– ಓದುಗರು, ಕೋಲಾರ

ಉತ್ತರ: ನುಸಿಗುಳಿಗೆ ಹುಳುವಿಗೆ. ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ, ಸುಮ್ನೆ ವಾಸನೆ. ಇನ್ನು ಉಪ್ಪು ನೀರೆಳೆಯುವುದೇ ಗಾಳಿಯ ತೇವ ಸುಮಾರು 75% ದಾಟಿದ ಮೇಲೆ, ಅಷ್ಟರೊಳಗೆ ಬೂಷ್ಟು ಆರಾಮಾಗಿ ಬೆಳೆದಿರುತ್ತದೆ. ಆದರೆ ಅಡುಗೆಮನೆಯ ಉಪ್ಪಿನ ಡಬ್ಬಿ ನೀರು ಬಿಡತೊಡಗಿದರೆ ಬೀರು ತೆಗೆದು ನೋಡುವ ಹೊತ್ತು ಬಂತು ಅಂತ ತಿಳಿಯಿರಿ. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದು ಮುಗಿದ ಮೇಲೆ ಒಂದು ಒಳ್ಳೆ ಬಿಸಿಲಿನ ದಿನ ಸೀರೆಗಳನ್ನೆಲ್ಲ ಹೊರಗೆ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಪ್ಲಾಸ್ಟಿಕ್ ಕವರ್ ಬಿಟ್ಟು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಈಗ ಬಂದಿರುವ ಬೂಷ್ಟನ್ನು ಮನೆಯ ಹೊರಗೆ ಮೆತ್ತನೆ ಬ್ರಷ್‌ನಿಂದ ಉದುರಿಸಿ. ವಿನೆಗರ್, ನಿಂಬೆಹಣ್ಣು ಯಾವುದೂ ಜರಿಯ ಹತ್ತಿರ ಸುಳಿಯಬಾರದು. ಕಲೆ ಉಳಿದರೆ ಡ್ರೈಕ್ಲೀನ್‌ಗೆ ಕೊಡಿ, ದುಡ್ಡಿನ ಮುಖ ನೋಡಬೇಡಿ.

ಪ್ರಶ್ನೆ: ನಮ್ಮ ಮನೆಗೆ ಹೊಂದಿಕೊಂಡೇ ರೇಷ್ಮೆ ಹುಳು ಮನೆ ಇದೆ. ಗೋಡೆಯ ಬೂಷ್ಟಿಗೆ ಬೇವಿನೆಣ್ಣೆ ಹೊಡೆಯಬಹುದಾ? ಸುಣ್ಣಕಟ್ಟು (ಹುಳು ಸತ್ತು ಸುಣ್ಣದ ಥರ ಬೆಳ್ಳಗೆ ಗಟ್ಟಿಯಾಗುವ ರೋಗ) ಬರುವುದು ಈ ಬೂಷ್ಟಿನಿಂದಲೇನಾ?
– ಓದುಗರು, ಶಿಡ್ಲಘಟ್ಟ

ಉತ್ತರ: ಬೇವು ಬೇಡವೇ ಬೇಡ, ರೇಷ್ಮೆ ಹುಳುವಿಗೂ ಅದು ವಿಷ. ಸುಣ್ಣಕಟ್ಟು ತರುವುದು ಹುಳುವಿನ ಮೈಮೇಲೇ ಬೆಳೆಯುವ ಬೇರೆ ಜಾತಿಯ ಶಿಲೀಂಧ್ರ. ಆದರೆ ಚಳಿ, ತೇವ ಅದಕ್ಕೂ ಇಷ್ಟ, ಹಾಗಾಗಿ ಗೋಡೆ ಒಣಗಿದರೆ ನಿಮಗೆ ಎರಡೂ ಕಡೆ ಲಾಭ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಹೊತ್ತಲ್ಲಿ, ನೀವು ಸುಣ್ಣ ಉದುರಿಸುತ್ತೀರಲ್ಲ, ಗೋಡೆಗೂ ಅದೇ ಸಾಕು. ಬೆಳೆ ಮುಗಿದು ಮನೆ ಖಾಲಿ ಇರುವಾಗ ಬೂಷ್ಟು ಒರೆಸಿ, ಒಣಗಿಸಿ, ಸುಣ್ಣ ಬಳಿಯಿರಿ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಏಳುವುದು ಕಷ್ಟ, ಗೋಡೆಗೂ ಉಸಿರಾಡಲು ಆಗುತ್ತದೆ. ಆಯಿಲ್ ಪೇಂಟ್, ಪ್ಲಾಸ್ಟಿಕ್ ಪೇಂಟ್ ಇದ್ದ ಗೋಡೆಗೆ ಸುಣ್ಣ ಕೂರುವುದಿಲ್ಲ, ಮೊದಲು ಕೆರೆಸಬೇಕು. ಕಲಸುವಾಗ, ಬಳಿಯುವಾಗ ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೆ ಸಿಡಿದರೆ ತಕ್ಷಣ ಬರೀ ನೀರಲ್ಲಿ ಕಡಿಮೆ ಅಂದರೂ ಇಪ್ಪತ್ತು ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ.