ನಿಮ್ಮ ಪ್ರಶ್ನೆ: ಪಿಚರ್ ಕಾಲಿನ ತಕರಾರು

ಪ್ರಶ್ನೆ: ಮಗಳು ಶಾಲೆಯ ಅಂಡರ್-14 ಸಾಫ್ಟ್‌ಬಾಲ್ ತಂಡದ ಪಿಚರ್, ಅಂದರೆ ಬ್ಯಾಟರ್‌ಗೆ ಬಾಲ್ ಹಾಕುವವಳು. ಹೋದ ಮ್ಯಾಚಿನಲ್ಲಿ ಅಂಪೈರ್ ಪದೇ ಪದೇ 'ಇಲ್ಲೀಗಲ್ ಪಿಚ್' (ನಿಯಮ ಮುರಿದು ಹಾಕಿದ ಬಾಲ್) ಅಂತ ಎಡಗೈ ಚಾಚುತ್ತಿದ್ದರು. ಅವಳ ಕೈ ಸೊಂಟದ ಕೆಳಗಿಂದಲೇ ಬರುತ್ತಿತ್ತು, ಬಲೆಯ ಹಿಂದೆ ಕೂತು ನಾನೇ ನೋಡಿದ್ದೇನೆ. ತಪ್ಪೇನು ಸರ್?
– ಒಬ್ಬ ತಂದೆ, ಕೋಥ್ರೂಡ್, ಪುಣೆ

ಉತ್ತರ: ನೀವು ಕೂತ ಜಾಗವೇ ಸರಿಯಿಲ್ಲ ಸ್ವಾಮಿ! ಬಲೆಯ ಹಿಂದಿನಿಂದ ಕೈ ಕಾಣುತ್ತದೆ, ಕಾಲು ಕಾಣುವುದಿಲ್ಲ. ಮುಂದಿನ ಸಲ ಫಸ್ಟ್ ಅಥವಾ ಥರ್ಡ್ ಬೇಸ್ (ರನ್ನಿಗಾಗಿ ಓಡುವವರು ಮುಟ್ಟಬೇಕಾದ ಗುರುತು) ಕಡೆ ಹೋಗಿ, ಪಿಚರ್‌ಗೆ ಅಡ್ಡಲಾಗಿ ನಿಲ್ಲಿ.

ಮೊದಲು ನಿಲುವು ನೋಡಿ. ಕಾಲು ಪ್ಲೇಟಿಗೆ (ಪಿಚರ್ ನಿಲ್ಲುವಲ್ಲಿ ನೆಲಕ್ಕೆ ಹಾಕಿರುವ ಪಟ್ಟಿ) ತಾಗಿರಬೇಕು, ಎರಡೂ ಭುಜ ಫಸ್ಟ್ ಮತ್ತು ಥರ್ಡ್ ಬೇಸಿನ ಸಾಲಿಗೆ ಬರಬೇಕು. ಕೈ ಬೇರೆ ಬೇರೆ ಇಟ್ಟು, ಬ್ಯಾಟರ್ ಹಿಂದೆ ಕೂತು ಬಾಲ್ ಹಿಡಿಯುವ ಕ್ಯಾಚರ್ ಸಿಗ್ನಲ್ ನೋಡಿ, ಆಮೇಲೆ ಕೈ ಜೋಡಿಸಿ ನಿಲ್ಲಬೇಕು. ಮಕ್ಕಳು ಅವಸರದಲ್ಲಿ ಈ ನಿಲ್ಲುವುದನ್ನೇ ನುಂಗಿಬಿಡುತ್ತಾರೆ. ಪ್ಲೇಟಿನ ಅಗಲ 24 ಇಂಚು, ಮುಂದಿಡುವ ಹೆಜ್ಜೆಯೂ ಆ ಅಗಲದೊಳಗೇ ಬೀಳಬೇಕು.

ಇನ್ನು ಹಿಂದಿನ ಕಾಲು. ನಿಜವಾದ ತಕರಾರು ಇಲ್ಲೇ. ಅವಳು ಬಾಲ್ ಹಾಕಿದ ಮೇಲೆ ಮುರುಮಿನ ಮಣ್ಣು ನೋಡಿ. ಪ್ಲೇಟಿನಿಂದ ಮುಂದಕ್ಕೆ ಒಂದೇ ಗೀಟು ಎಳೆದ ಹಾಗಿದ್ದರೆ ಸರಿ. ಗೀಟು ಅರ್ಧಕ್ಕೇ ನಿಂತು, ಒಂದಷ್ಟು ಜಾಗ ಖಾಲಿ ಬಿಟ್ಟು, ಆಮೇಲೊಂದು ಗುಳಿ ಬಿದ್ದಿದ್ದರೆ ಕಾಲೆತ್ತಿ ಮತ್ತೆ ಊರಿ, ಅಲ್ಲಿಂದ ತಳ್ಳಿಕೊಂಡು ಹಾಕಿದ್ದಾಳೆ ಅಂತ ಅರ್ಥ. ಇದಕ್ಕೆ ಕ್ರೋ ಹಾಪ್ ಅಂತಾರೆ. ಇದರಿಂದ ದೂರ ಕದ್ದ ಹಾಗಾಗುತ್ತದೆ, ಬ್ಯಾಟರ್‌ಗೆ ಸಿಗುವ ಸಮಯ ಕಮ್ಮಿಯಾಗುತ್ತದೆ. ಸರಿಯಾಗಿ ಎಳೆಯುವ ಬಲಗೈ ಹುಡುಗಿಯ ಬಲಗಾಲಿನ ಬೂಟು ಹೆಬ್ಬೆರಳ ಹತ್ತಿರ ಬೇಗ ಸವೆಯುತ್ತದೆ. ಬೂಟಿಗೆ ದುಡ್ಡು ಸುರಿದು ನಿಮಗೆ ಸಾಕಾಗಿದ್ದರೆ ಅದು ಒಳ್ಳೆ ಲಕ್ಷಣವೇ!

ಯೂಟ್ಯೂಬ್‌ನಲ್ಲಿ ಅಮೆರಿಕದ ಕಾಲೇಜು ಹುಡುಗಿಯರು ಹಾರುತ್ತಾರಲ್ವಾ ಅಂತ ಮಗಳು ಕೇಳಬಹುದು. ಅಲ್ಲಿ 2024ರ ಸೀಸನ್‌ನಿಂದ ಕಾಲು ನೆಲ ಬಿಟ್ಟರೂ ನಡೆಯುತ್ತದೆ. ಆದರೆ ಮತ್ತೆ ಊರಿ ತಳ್ಳುವ ಹಾಗಿಲ್ಲ. ನಿಮ್ಮ ಟೂರ್ನಿಗೆ ಯಾವ ನಿಯಮ ಅಂತ ಕೋಚ್ ಮೊದಲೇ ಕೇಳಿಕೊಳ್ಳಲಿ. ಆಟದ ಮಧ್ಯೆ ಅಂಪೈರ್ ಹತ್ತಿರ ಸುಮ್ನೆ ವಾದ ಬೇಡ.

ಪ್ರಶ್ನೆ: ಇಲ್ಲೀಗಲ್ ಪಿಚ್‌ಗೆ ಬ್ಯಾಟರ್ ಹೊಡೆದರೆ ಆ ಹೊಡೆತ ಲೆಕ್ಕಕ್ಕಿಲ್ಲವೇ?
– ಓದುಗರು, ಮಾಟುಂಗಾ, ಮುಂಬೈ

ಉತ್ತರ: ಇದೆ. ಬ್ಯಾಟರ್ ಫಸ್ಟ್ ಬೇಸ್ ಸೇರಿ, ಉಳಿದ ರನ್ನರ್‌ಗಳೆಲ್ಲ ಕನಿಷ್ಠ ಒಂದೊಂದು ಬೇಸ್ ಮುಂದೆ ಹೋಗಿದ್ದರೆ ಆಟವೇ ಊರ್ಜಿತ, ಪಿಚರ್ ತಪ್ಪನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ.